ಖಳನಾಯಕನೇ ಇಲ್ಲದ, ಲೆಕ್ಕದ ಪುಸ್ತಕವೇ ರಾಕ್ಷಸನಾಗಿರುವ ಕಾದಂಬರಿ ಯಾವುದಿದೆ?

ಕಾಟಾ ಗುಮಾಸ್ತ, ಮುಧೋಳ

ಮುಧೋಳದ ಹತ್ತಿರ ಖಾಸಗಿ ಕಾಟಾ (ಗಾಡಿ ಸಮೇತ ತೂಗುವ ದೊಡ್ಡ ತಕ್ಕಡಿ) ಒಂದರಲ್ಲಿ ನನ್ನದು ರಾತ್ರಿ ಪಾಳಿ. ಕಾರ್ಖಾನೆಗೆ ಕಬ್ಬು ಹಾಕುವ ಮೊದಲು ತಮ್ಮ ತೂಕ ತಾವೇ ನೋಡಿಕೊಳ್ಳಬೇಕು ಎನ್ನುವ ರೈತರು ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುತ್ತಾರೆ. ಒಂದು ಗಾಡಿ ಇಳಿದು ಇನ್ನೊಂದು ಹತ್ತುವವರೆಗೆ ಸಿಗುವ ಬಿಡುವಿನಲ್ಲಿ ಮೊಬೈಲಿನಲ್ಲಿ ಕಾದಂಬರಿ ಓದುತ್ತೇನೆ. ಬಿ.ಕಾಂ. ಇಂಗ್ಲಿಷ್, ಎತ್ತಿನ ಗಾಡಿಯಂತೆ ಸಾಗುತ್ತದೆ.

ಕಳೆದ ಹಂಗಾಮಿನಲ್ಲಿ ಫ್ರೆಡರಿಕ್ ಪೋಲ್ ಮತ್ತು ಸಿ. ಎಂ. ಕಾರ್ನ್‌ಬ್ಲೂತ್ ಸೇರಿ ಬರೆದ ‘ದಿ ಸ್ಪೇಸ್ ಮರ್ಚೆಂಟ್ಸ್’ ಓದಿದೆ. 1953ರ ಪುಸ್ತಕ. ಜಗತ್ತನ್ನು ಜಾಹೀರಾತು ಕಂಪನಿಗಳು ಆಳುತ್ತಿವೆ. ಜನರನ್ನು ಮರುಳು ಮಾಡಿ ಶುಕ್ರಗ್ರಹಕ್ಕೆ ಸಾಗಹಾಕುವ ಜಾಹೀರಾತು ಬರೆಯುವುದು ಕಥಾನಾಯಕನ ಕೆಲಸ. ನನ್ನನ್ನು ಹಿಡಿದು ಕೂರಿಸಿದ್ದು ನಡುವಿನ ಭಾಗ. ಅವನ ಗುರುತು ಅಳಿಸಿ, ಕೋಸ್ಟರಿಕಾದಲ್ಲಿ ಆಹಾರ ಬೆಳೆಸುವ ಕಂಪನಿಯೊಂದಕ್ಕೆ ಕೂಲಿಯಾಗಿ ತಳ್ಳುತ್ತಾರೆ. ಅಲ್ಲಿ ಕೋಳಿಮಾಂಸದ ಒಂದು ದೈತ್ಯ ಮುದ್ದೆ ತನ್ನಷ್ಟಕ್ಕೆ ಬೆಳೆಯುತ್ತಲೇ ಇರುತ್ತದೆ, ಹೋಳು ಹೋಳಾಗಿ ಕೊಯ್ದು ಮಾರುತ್ತಾರೆ. ಕೂಲಿಗಿಂತ ಖರ್ಚು ಹೆಚ್ಚು. ದುಡಿದಷ್ಟೂ ಸಾಲ ಬೆಳೆಯುತ್ತದೆ. ಇದನ್ನು ಓದುವಾಗ ಕಿಟಕಿಯ ಹೊರಗೆ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದ ಕಬ್ಬು ಕಟಾವು ಗ್ಯಾಂಗಿನ ಮುಖ್ಯಸ್ಥ, ಮುಕಾದಮ, ಚಹಾ ಕುಡಿಯುತ್ತ, ಯಾರ ಹೆಸರಿನಲ್ಲಿ ಎಷ್ಟು ಮುಂಗಡ ಉಳಿದಿದೆ ಎಂದು ಬೆರಳು ಮಡಚಿ ಎಣಿಸುತ್ತಿದ್ದ.

ಇಂಥವು ಇನ್ನೂ ಬೇಕು. ಆದರೆ ಮೇಲೊಬ್ಬ ದುರಾಸೆಯ ಸಾಹುಕಾರ, ಕೆಳಗೆ ಸಾವಿರ ಬಡವರು, ಕೊನೆಗೆ ಸಾಹುಕಾರನ ಸಾವು, ಅದು ಬೇಡ. ನಮ್ಮ ಕಾಟಾದಲ್ಲಿ ಅಂಥವನು ಯಾರೂ ಇಲ್ಲ. ರೈತನಿಗೆ ಸಾಲ, ಡ್ರೈವರನಿಗೆ ಸಾಲ, ಟ್ರ್ಯಾಕ್ಟರ್ ಬ್ಯಾಂಕಿನದು, ಕಾಟಾ ಹಾಕಿದ ನಮ್ಮ ಮಾಲೀಕನೂ ಕಂತು ಕಟ್ಟುತ್ತಿದ್ದಾನೆ. ಲೆಕ್ಕವೇ ರಾಕ್ಷಸನಾಗಿರಬೇಕು. ನಗುವೂ ಬರಬೇಕು, ಇಲ್ಲದಿದ್ದರೆ ನಿದ್ದೆ ಬರುತ್ತದೆ.

ನಿವೃತ್ತ ಕ್ಯಾಷಿಯರ್, ಬೆಳಗಾವಿ

ತಮ್ಮಾ, ಮೂವತ್ತೊಂದು ವರ್ಷ ಕೌಂಟರಿನಲ್ಲಿ ಕುಳಿತು ಬೇರೆಯವರ ನೋಟು ಎಣಿಸಿದವನು ಹೇಳುತ್ತಿದ್ದೇನೆ: ಟೆರಿ ಪ್ರಾಚೆಟ್‌ನ ‘ಮೇಕಿಂಗ್ ಮನಿ’ ಓದು. 2007ರದು. ಗಲ್ಲಿನಿಂದ ಪಾರಾದ ಮೋಸಗಾರನೊಬ್ಬನ ಕೈಗೆ ಊರಿನ ಬ್ಯಾಂಕು ಬರುತ್ತದೆ. ಬ್ಯಾಂಕಿನ ಅಧ್ಯಕ್ಷ ಒಂದು ನಾಯಿ. ತಮಾಷೆಗಲ್ಲ, ಸತ್ತ ಒಡತಿ ಷೇರುಗಳನ್ನು ಅದರ ಹೆಸರಿಗೆ ಬರೆದಿಟ್ಟಿದ್ದಾಳೆ, ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗಿದೆ! ತಿಜೋರಿಯಲ್ಲಿ ಇರಬೇಕಾದ ಚಿನ್ನ ಇಲ್ಲ. ನೆಲಮಾಳಿಗೆಯಲ್ಲಿ ಗಾಜಿನ ಕೊಳವೆಗಳ ಯಂತ್ರವೊಂದಿದೆ, ಊರಿನ ಹಣ ಹರಿಯುವುದನ್ನು ನೀರು ಹರಿಸಿ ತೋರಿಸುತ್ತದೆ. ಬಿಲ್ ಫಿಲಿಪ್ಸ್ ಎಂಬ ಅರ್ಥಶಾಸ್ತ್ರಜ್ಞ 1949ರಲ್ಲಿ ಲಂಡನ್ನಿನಲ್ಲಿ ನಿಜವಾಗಿಯೂ ಇಂಥದೊಂದನ್ನು ಕಟ್ಟಿದ್ದ. ಕಾದಂಬರಿಯಲ್ಲಿ ಅದು ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಹೇಗೆಂದು ಹೇಳುವುದಿಲ್ಲ.

ಇದಕ್ಕೆ ಮೊದಲಿನದು ‘ಗೋಯಿಂಗ್ ಪೋಸ್ಟಲ್’. ಅದರಲ್ಲಿ ಖಳನಾಯಕನಿದ್ದಾನೆ, ನಿನ್ನ ಷರತ್ತಿಗೆ ಹೊಂದುವುದಿಲ್ಲ. ಆದರೂ ಓದು, ಅಂಚೆ ಚೀಟಿಯನ್ನೇ ಜನ ದುಡ್ಡಿನಂತೆ ಬಳಸತೊಡಗುವ ಪ್ರಸಂಗ ಅದರಲ್ಲಿದೆ.

‘ಮೆನ್ ಅಟ್ ಆರ್ಮ್ಸ್’ (1993) ಕಾದಂಬರಿಯಲ್ಲಿ ಕಾವಲು ಪಡೆಯ ಕ್ಯಾಪ್ಟನ್ ವೈಮ್ಸ್ ಹಾಕುವ ಲೆಕ್ಕವನ್ನಂತೂ ನಿನ್ನ ಗೋಡೆಗೆ ಅಂಟಿಸಬೇಕು. ಅವನ ಸಂಬಳ ತಿಂಗಳಿಗೆ 38 ಡಾಲರ್. ಒಳ್ಳೆಯ ಬೂಟಿಗೆ 50, ಹತ್ತು ವರ್ಷ ಬಾಳುತ್ತದೆ. ಅವನ ಕೈಗೆಟಕುವುದು ಹತ್ತು ಡಾಲರಿನದು, ಒಂದೆರಡು ಋತುವಿಗೆ ತಳ ಹರಿಯುತ್ತದೆ. ಹತ್ತು ವರ್ಷದಲ್ಲಿ ಬಡವ ನೂರು ಡಾಲರ್ ಸುರಿದಿರುತ್ತಾನೆ, ಕಾಲು ಮಾತ್ರ ಒದ್ದೆ. ಅಥಣಿಯ ಚಪ್ಪಲಿ ಬಿಟ್ಟು ಪ್ಲಾಸ್ಟಿಕ್ಕಿಗೆ ಹೋದ ನನ್ನ ತಮ್ಮನಿಗೆ ಇದನ್ನು ಓದಿ ಹೇಳಿದೆ. ಅವನು ನಕ್ಕ, ಚಪ್ಪಲಿ ಬದಲಿಸಲಿಲ್ಲ.

ಮಗ್ಗದ ಮನೆ, ಬನಹಟ್ಟಿ

ಅಣ್ಣಾ, ನಿಮ್ಮ ಷರತ್ತಿಗೆ ಸರಿಯಾಗಿ ಕೂರುವುದು ಕರೆಲ್ ಚಾಪೆಕ್‌ನ ‘ವಾರ್ ವಿತ್ ದಿ ನ್ಯೂಟ್ಸ್’. ಚೆಕ್ ಭಾಷೆಯದು, 1936ರಲ್ಲಿ ಬಂದದ್ದು, ಇಂಗ್ಲಿಷಿನಲ್ಲಿ ಸಿಗುತ್ತದೆ. (‘ರೋಬೋಟ್’ ಎಂಬ ಪದ ಜಗತ್ತಿಗೆ ಬಂದದ್ದೂ ಇವನ ನಾಟಕದಿಂದಲೇ. ಪದ ಹೊಳೆದದ್ದು ಅವನ ಅಣ್ಣನಿಗೆ.)

ಒಬ್ಬ ಮುದಿ ಹಡಗಿನ ಕಪ್ತಾನನಿಗೆ ಸಮುದ್ರದಲ್ಲಿ ಬುದ್ಧಿಯುಳ್ಳ ಹಲ್ಲಿಯಂಥ ಪ್ರಾಣಿಗಳು ಸಿಗುತ್ತವೆ. ಮುತ್ತು ತೆಗೆದುಕೊಡಿ ಎಂದು ಅವಕ್ಕೆ ಕಲಿಸುತ್ತಾನೆ, ಶಾರ್ಕ್ ಮೀನುಗಳಿಂದ ಕಾಪಾಡಿಕೊಳ್ಳಲು ಚಾಕು ಕೊಡುತ್ತಾನೆ. ಅವನಿಗೆ ಅವುಗಳ ಮೇಲೆ ಮಮತೆಯಿದೆ. ಅವನು ಸತ್ತ ಮೇಲೆ ಕಂಪನಿಯ ಸಭೆ ಸೇರುತ್ತದೆ, ಮುತ್ತು ಬಿಟ್ಟು ಪ್ರಾಣಿಗಳನ್ನೇ ಮಾರುವುದು ಲಾಭ ಎಂದು ತೀರ್ಮಾನವಾಗುತ್ತದೆ. ಆಮೇಲೆ ದರ್ಜೆಗಳು ಬರುತ್ತವೆ: ಮುಂದಾಳು, ಭಾರದ ಕೆಲಸದವು, ಗುಂಪಿನಲ್ಲಿ ದುಡಿಯುವವು, ಕಸ, ಮರಿ. ಪ್ರತಿಯೊಂದಕ್ಕೂ ಪೇಟೆಯ ದರ. ನಮ್ಮ ಮನೆಯಲ್ಲಿ ಸೀರೆ ಮಡಚುವ ಕೆಲಸ ನನ್ನದು. ಒಂದು ಎಳೆ ತಪ್ಪಿದರೂ ಸೀರೆ ಎರಡನೇ ದರ್ಜೆ, ಮಜೂರಿಯಲ್ಲಿ ಕಡಿತ. ಆ ಪುಟ ಓದುವಾಗ ಕೈಯಲ್ಲಿದ್ದ ಸೀರೆಯನ್ನು ಎರಡು ಸಲ ತಿರುವಿ ನೋಡಿದೆ.

ಕೊನೆಗೆ ಅವು ತಮಗೆ ವಾಸಕ್ಕೆ ಕರಾವಳಿ ಸಾಲದೆಂದು ಭೂಮಿಯನ್ನೇ ಒಡೆಯುತ್ತವೆ. ಒಡೆಯುವ ಮದ್ದನ್ನು ಮಾರುತ್ತಿರುವವರು ಮನುಷ್ಯರೇ. ಕಡೆಯ ಅಧ್ಯಾಯದಲ್ಲಿ ಲೇಖಕ ತಪ್ಪು ಯಾರದು ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಕಾರ್ಖಾನೆ, ಬ್ಯಾಂಕು, ಸರಕಾರ, ಎಲ್ಲರ ಹೆಸರೂ ಬರುತ್ತದೆ, ಇವನೇ ತಪ್ಪಿತಸ್ಥ ಎಂದು ಯಾವ ಒಬ್ಬನ ಹೆಸರೂ ಬರುವುದಿಲ್ಲ.

ದ್ರಾಕ್ಷಿ ತೋಟ, ವಿಜಯಪುರ

ಫಿಲಿಪ್ ಕೆ. ಡಿಕ್‌ನ ‘ಯೂಬಿಕ್’ (1969). ಮನೆಯ ಬಾಗಿಲು ತೆರೆಯಬೇಕಾದರೆ ಬಾಗಿಲಿಗೇ ಐದು ಸೆಂಟ್ ಕೊಡಬೇಕು. ಮನೆಯವನ ಬಳಿ ಬಿಡಿಗಾಸಿಲ್ಲ. ವಾದ ಮಾಡಿದರೆ ಒಪ್ಪಂದದ ಕಾಗದ ತೆಗೆದು ನೋಡು ಎನ್ನುತ್ತದೆ ಬಾಗಿಲು. ಚಾಕುವಿನಿಂದ ಅದರ ಸ್ಕ್ರೂ ಬಿಚ್ಚಲು ಹೋದರೆ ದಾವೆ ಹೂಡುತ್ತೇನೆಂದು ಹೆದರಿಸುತ್ತದೆ. ಉಳಿದ ಕಥೆ ಬೇರೆಯೇ ಕಡೆಗೆ ಹೋಗುತ್ತದೆ, ನನಗೆ ಅರ್ಧ ಅರ್ಥವಾಯಿತು. ಬಾಗಿಲು ಪೂರ್ತಿ ಅರ್ಥವಾಯಿತು.

ಕಾಟಾ ಗುಮಾಸ್ತ, ಮುಧೋಳ

ಮೂವರಿಗೂ ನಮಸ್ಕಾರ. ಅಕ್ಕಾ, ನಿಮ್ಮ ಹಲ್ಲಿಗಳನ್ನು ನಿನ್ನೆ ರಾತ್ರಿಯೇ ಶುರು ಮಾಡಿದೆ, ಕಪ್ತಾನ ಇನ್ನೂ ಬದುಕಿದ್ದಾನೆ.

ಕ್ಯಾಷಿಯರ್ ಸರ್, ಬೂಟಿನ ಲೆಕ್ಕವನ್ನು ಮೂರು ಗಂಟೆಗೆ ಬಂದ ಡ್ರೈವರ್ ಒಬ್ಬನಿಗೆ ಹೇಳಿದೆ. ಚೀಟಿ ಮುದ್ರಣವಾಗುವವರೆಗೆ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಟ್ರೇಲರಿನ ಹಿಂದಿನ ಗಾಲಿಯ ಹತ್ತಿರ ಕರೆದುಕೊಂಡು ಹೋಗಿ ಬ್ಯಾಟರಿ ಬಿಟ್ಟು ತೋರಿಸಿದ. ಹಳೆ ಟೈರಿಗೆ ಮೂರನೇ ಸಲ ಹೊಸ ರಬ್ಬರ್ ಹಾಕಿಸಿದ ರಿಮೋಲ್ಡ್, ಅಂಚು ಬಿಟ್ಟುಕೊಂಡಿದೆ. ಮೂರೂ ಸಲದ ಖರ್ಚು ಕೂಡಿಸಿದರೆ ಹೊಸ ಟೈರೇ ಬರುತ್ತಿತ್ತಂತೆ. “ನಿಮ್ಮ ಆ ಕ್ಯಾಪ್ಟನ್ ಹೊಸದಕ್ಕೆ ಸಾಲ ಎಲ್ಲಿ ಸಿಗುತ್ತದೆಂದು ಬರೆದಿದ್ದಾನೆಯೇ?” ಎಂದ. ಅಷ್ಟರಲ್ಲಿ ಹಿಂದಿನ ಗಾಡಿಯವನು ಹಾರ್ನ್ ಹೊಡೆದ.