ಸೀತಾನದಿ: ಡಿಸೆಂಬರಲ್ಲಿ ರಾಫ್ಟಿಂಗ್ ಇರುತ್ತಾ?

ವೀಕೆಂಡ್_ಸವಾರ
ಕ್ರಿಸ್ಮಸ್ ರಜೆಗೆ ಆಗುಂಬೆ ಕಡೆ ಹೋಗೋಣ ಅಂತಿದೀವಿ, ನಾನು, ಹೆಂಡ್ತಿ, ಮಗ, ಜೊತೆಗೆ ಮಂಡಿನೋವಿರೋ ಅಮ್ಮ. ಹೆಬ್ರಿ ಹತ್ರ ಸೀತಾನದಿಲಿ ರಾಫ್ಟಿಂಗ್ ಮಾಡೋ ವಿಡಿಯೋ ನೋಡಿ ಮಗ ಹಠ ಹಿಡಿದಿದಾನೆ. ಆ ಟೈಮಲ್ಲಿ ನಡೆಸ್ತಾರಾ? ಅಮ್ಮಂಗೂ ಏನಾದ್ರೂ ಇದ್ಯಾ ಆ ಹೊಳೆ ಕಡೆ?

ಮಳೆಹುಳ
ಡಿಸೆಂಬರಲ್ಲಿ ರಾಫ್ಟ್ ನೀವೇ ಹೊತ್ಕೊಂಡು ನಡೀಬೇಕು 😀 ದಾಂಡೇಲಿ ಕಾಳಿ ಹೊಳೆಲಾದ್ರೆ ಮೇಲೆ ಸೂಪಾ ಡ್ಯಾಮಿದೆ, ನೀರು ಬಿಡ್ತಾರೆ, ಮಳೆ ನಿಂತ್ಮೇಲೂ ನಡೆಯುತ್ತೆ. ಇಲ್ಲಿ ಹಂಗಿಲ್ಲ, ಆಗುಂಬೆ ಘಟ್ಟದ ಮಳೆನೇ ಬಂಡವಾಳ, ವರ್ಷಕ್ಕೆ 7000 ಮಿಮೀ ಮೇಲೆ ಸುರಿಯೋ ಜಾಗ ಅದು, ಆ ನೀರು ಸೋಮೇಶ್ವರದ ಕಾಡೊಳಗಿಂದ ಧುಮುಕಿ ಬರೋದು ಮಳೆಗಾಲದಲ್ಲಿ ಮಾತ್ರ, ಆಮೇಲೆ ಬರೀ ಬಂಡೆ, ನಡುನಡುವೆ ಗುಂಡಿ ನೀರು. ಕೂಡ್ಲು ತೀರ್ಥ ಫಾಲ್ಸ್ ಇದೇ ಹೊಳೆದು, ಡಿಸೆಂಬರಲ್ಲಿ ಚೆನ್ನಾಗಿರುತ್ತೆ, ಆದ್ರೆ ಕಾಡಲ್ಲಿ ನಡೀಬೇಕು, ಅಮ್ಮನ್ನ ಕರ್ಕೊಂಡು ಹೋಗೋ ಯೋಚನೆ ಬಿಡಿ.

ಕುದ್ರು_ಮನಿ
ಹ್ವಾಯ್, ಹೊಳಿ ಅಂದ್ರೆ ಘಟ್ಟದ ಬುಡ ಒಂದೇ ಅಲ್ಲ ಮಾರ್ರೆ, ಕೆಳ್ಗೆ ಬನ್ನಿ. ಹೆಬ್ರಿ, ನೀಲಾವರ, ಬಾರ್ಕೂರು ದಾಟಿ ಬರೋ ಹೊತ್ತಿಗೆ ಅದು ಬೇರೆನೇ ಹೊಳಿ, ಅಗಲ, ನಿಧಾನ, ಉಪ್ಪು ನೀರು, ನಡುವೆ ತೆಂಗಿನ ಕುದ್ರುಗಳು, ಅಂದ್ರೆ ಹೊಳಿ ನಡುವಿನ ದ್ವೀಪಗಳು. ಸಾಲಿಗ್ರಾಮದ ಪಾರಂಪಳ್ಳಿ ಬದಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಕಯಾಕಿಂಗ್ ಮಾಡಿಸ್ತಾರೆ, ಮಗನಿಗೆ ಅದೇ ಸಾಕು. ಆದ್ರೆ ಭರ್ತದ (ಕಡಲ ನೀರು ಏರೋ) ಟೈಮ್ ಕೇಳ್ಕೊಂಡೇ ಹೋಗಿ. ನೀರು ಇಳಿಯೋ ಇಳ್ತದಲ್ಲಿ ಹೋದ್ರೆ ಕಯಾಕ್ ತಳ ಕೆಸರಿಗೆ ಕೂರುತ್ತೆ, ಕಾಂಡ್ಲಾ ಬೇರೆಲ್ಲ ಮೇಲೆದ್ದು ನಿಂತಿರುತ್ತೆ, ಹಿಡ್ಕೊಂಡು ದೂಡೋಣ ಅಂತ ಕೈ ಹಾಕಿದ್ರೆ ಬೇರಿಗೆ ಅಂಟಿದ ಚಿಪ್ಪು ಅಂಗೈ ಕೊಯ್ದು ಹಾಕುತ್ತೆ.

ಅಮ್ಮಂಗೆ ಕೋಡಿ ಬೆಂಗ್ರೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳಿ, ನಡುವಿನ ಸಪೂರ ರೋಡಲ್ಲಿ ಕಾರಲ್ಲೇ ಕೂತು ಕಾಣ್ಬಹುದು. ತುದಿಲಿ ಸೀತೆ, ಸ್ವರ್ಣೆ ಎರಡೂ ಹೊಳಿ ಸೇರಿ ಕಡಲಿಗೆ ಬೀಳ್ತಾವೆ, ಎದುರು ದಡ ಹಂಗಾರಕಟ್ಟೆ. ಹೊಳಿ ಕಡಲು ಸೇರೋ ಅಳಿವೆ ಬಾಯಲ್ಲಿ ಮಾತ್ರ ಯಾರನ್ನೂ ನೀರಿಗಿಳಿಸ್ಬೇಡಿ, ಮೇಲಿಂದ ಶಾಂತ ಕಂಡ್ರೂ ಒಳಗೆ ಸೆಳೆತ ಭಯಂಕರ.

ವೀಕೆಂಡ್_ಸವಾರ
ಸೂಪರ್, ಪ್ಲಾನ್ ಚೇಂಜ್. ಭರ್ತ ದಿನಾ ಒಂದೇ ಟೈಮಿಗಾ? ರೂಮ್ ಎಲ್ಲಿ ಮಾಡ್ಲಿ?

ಕುದ್ರು_ಮನಿ
ಅಲ್ಲ ಅಲ್ಲ, ದಿನಕ್ಕೆ ಎರಡು ಸಲ ಬರುತ್ತೆ, ಮಾರನೇ ದಿನ ಸುಮಾರು ಮುಕ್ಕಾಲು ಗಂಟೆ ಲೇಟು. ಹೊಳಿ ಬದಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಬೆಳಿಗ್ಗೆ ಭರ್ತ ಸಿಗೋ ದಿನ ನೋಡಿ ಬುಕ್ ಮಾಡಿ, ಮಧ್ಯಾಹ್ನ ಆದ್ರೆ ಡಿಸೆಂಬರಲ್ಲೂ ಸುಡು ಬಿಸಿಲು. ರೂಮ್ ಆಗುಂಬೆಲಿ ಬೇಡ, ಬ್ರಹ್ಮಾವರ ಸುತ್ತ ನೋಡಿ, ಕಯಾಕಿಂಗ್ ಜಾಗ, ಕೋಡಿ ಬೆಂಗ್ರೆ ಎರಡೂ ಹತ್ರ.