ಅಪ್‌ಡೇಟ್: ವಿಟ್ರಿಫೈಡ್ ಟೈಲ್ ಅಂಚು ಕೀಳ್ತಿದ್ದ ಸಮಸ್ಯೆ ಬಗೆಹರೀತು

2x4 ಅಡಿಯ, 9 ಮಿ.ಮೀ. ದಪ್ಪದ ಟೈಲ್ ಕತ್ತರಿಸುವಾಗ ಅಂಚು ಚಕ್ಕೆ ಏಳುತ್ತೆ, ಯಾವ ಮಷಿನ್ ತಗೊಳ್ಳಲಿ ಅಂತ ಹೋದ ವಾರ ಕೇಳಿದ್ದೆ. ಹೊಸ ಮಷಿನ್ ಬೇಕಾಗಲೇ ಇಲ್ಲ. ಇದ್ದ 4 ಇಂಚಿನ ಮಾರ್ಬಲ್ ಕಟರೇ ಸಾಕಾಯ್ತು, ತಪ್ಪಿದ್ದದ್ದು ಬ್ಲೇಡಲ್ಲಿ.

ಅಂಚಲ್ಲಿ ಅಲ್ಲಲ್ಲಿ ಸೀಳು ಇರುವ ಬ್ಲೇಡ್ ತೆಗೆದು, ಅಂಚು ಪೂರ್ತಿ ಒಂದೇ ಸಮ ಇರುವ ತೆಳು ಡೈಮಂಡ್ ಬ್ಲೇಡ್ ಹಾಕಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಜೊತೆಗೆ ಮೊದಲ ಸಲ 2 ಮಿ.ಮೀ. ಆಳಕ್ಕೆ ಮಾತ್ರ ಗೀರು, ಎರಡನೇ ಸಲ ಪೂರ್ತಿ. ಈ ಕಟರ್‌ನಲ್ಲಿ ಬ್ಲೇಡಿನ ಮುಂದಿನ ಅಂಚು ಕೆಳಗಿಂದ ಮೇಲಕ್ಕೆ ಬರೋದ್ರಿಂದ ಮೇಲಿನ ಪಾಲಿಶ್ ಮೊದಲು ಕಿತ್ತುಬರುತ್ತೆ. ತೆಳು ಗೀರು ಅದನ್ನ ತಡೆಯುತ್ತೆ.

ಚಕ್ಕೆ ಏಳದಿರಲಿ ಅಂತ ಕತ್ತರಿಸೋ ಗೆರೆ ಮೇಲೆ ಅಂಟಿಸಿದ ಮಾಸ್ಕಿಂಗ್ ಟೇಪ್ ಉಪಯೋಗಕ್ಕೆ ಬರಲಿಲ್ಲ, ಕತ್ತರಿಸುವಾಗ ಹಾಕೋ ನೀರು ಬಿದ್ದ ಕೂಡಲೇ ಎದ್ದುಬಂತು.

ಗೊತ್ತೇ ಇರದಿದ್ದ ವಿಷಯ ಒಂದಿದೆ. ಏಳೆಂಟು ಟೈಲ್ ಆದಮೇಲೆ ಬ್ಲೇಡ್ ಮೊಂಡಾದ ಹಾಗಾಗಿ ಕಿಡಿ ಹಾರತೊಡಗಿತು. ಸಿಮೆಂಟ್ ಬ್ಲಾಕ್‌ನಲ್ಲಿ ನಾಲ್ಕೈದು ಸಲ ಓಡಿಸಿದರೆ ಸವೆದ ಪದರ ಹೋಗಿ ಹೊಸ ವಜ್ರದ ಹರಳು ಹೊರಬರುತ್ತೆ. ಮತ್ತೆ ಬೆಣ್ಣೆ ಕತ್ತರಿಸಿದ ಹಾಗೆ.

ಕೊನೆಯ 2 ಇಂಚು ಎದುರು ತುದಿಯಿಂದ ಕತ್ತರಿಸಿ, ಇಲ್ಲಾಂದ್ರೆ ಮೂಲೆ ಮುರಿಯುತ್ತೆ. ನೀರು ಹಾಕ್ತಾ ಮಾಡೋ ಕೆಲಸ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯೋ ಸ್ವಿಚ್) ಇರುವ ಲೈನಿಂದಲೇ ಕರೆಂಟ್ ತಗೊಳ್ಳಿ.