ಡೈವೋರ್ಸ್ ಸಮನ್ಸ್ ಬಂದಿದೆ, ದಾಟಿ ಬಂದವರು ಹೇಳಿ

ಕೇಳಿದವರು, ಗಂಗಾವತಿ:
ಮದುವೆಯಾಗಿ ಆರು ವರ್ಷ, ನಾಲ್ಕು ವರ್ಷದ ಮಗಳಿದ್ದಾಳೆ. ಒಂದೂವರೆ ವರ್ಷದಿಂದ ತವರಲ್ಲಿದ್ದೇನೆ. ನಮ್ಮ ಯಜಮಾನರು ಬಳ್ಳಾರಿಯಲ್ಲಿ ಡೈವೋರ್ಸ್ ಕೇಸ್ ಹಾಕಿದ್ದಾರೆ. ನಿನ್ನೆ ಪೋಸ್ಟ್‌ಮ್ಯಾನ್ ಕೋರ್ಟಿನ ಕವರ್ ತಂದಿದ್ದರು. ಅಪ್ಪ 'ಸಹಿ ಮಾಡಬೇಡ, ವಾಪಸ್ ಕಳಿಸು' ಅಂದರು. ನಾಳೆ ಮತ್ತೆ ಬರುತ್ತಾರಂತೆ. ದೊಡ್ಡಪ್ಪ ಹಿರಿಯರನ್ನು ಕೂಡಿಸೋಣ ಅನ್ನುತ್ತಿದ್ದಾರೆ. ನನಗೆ ಏನೂ ತೋಚುತ್ತಿಲ್ಲ.

ಸಿಂಧನೂರಿನಿಂದ:
ತಂಗಿ, ನಾಳೆ ಆ ಕವರ್ ತಗೋ. ನಮ್ಮ ಮನೆಯಲ್ಲೂ ಹೀಗೇ ಹೇಳಿದ್ದರು, ನಾನು ಎರಡು ಸಲ ವಾಪಸ್ ಕಳಿಸಿದೆ. ತಗೊಳ್ಳದಿದ್ದರೆ ಕೇಸ್ ಅಲ್ಲಿಗೇ ನಿಲ್ಲುತ್ತದೆ ಅಂದುಕೊಂಡಿದ್ದೆ. ಬೇಡ ಅಂದರೂ ಮುಟ್ಟಿದೆ ಅಂತಲೇ ಕೋರ್ಟ್ ಹಿಡಿಯಬಹುದು. ನನಗೆ ಹಾಗೇ ಆಯಿತು. ಎಕ್ಸ್‌ಪಾರ್ಟಿ ಮಾಡಿ, ನನ್ನ ಮಾತು ಕೇಳದೆಯೇ ಡೈವೋರ್ಸ್ ಕೊಟ್ಟರು. ಅವರಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದಾರೆ ಅಂತ ಸಂಬಂಧಿಕರು ಫೋನ್ ಮಾಡಿದಾಗಲೇ ನನಗೆ ಗೊತ್ತಾಗಿದ್ದು. ಅದನ್ನು ರದ್ದು ಮಾಡಿಸಲು 30 ದಿನದೊಳಗೆ ಅರ್ಜಿ ಹಾಕಬೇಕಿತ್ತು. ತಡವಾಗಿದ್ದಕ್ಕೆ ಕಾರಣ ಹೇಳಿ ಹೇಳಿ ಸಾಕಾಯಿತು. ಸಮನ್ಸ್ ತಗೊಂಡರೆ ಡೈವೋರ್ಸಿಗೆ ಒಪ್ಪಿದಂತಲ್ಲ. 'ಈ ತಾರೀಖಿಗೆ ಬಂದು ನಿನ್ನ ಮಾತು ಹೇಳು' ಅನ್ನೋ ಕಾಗದ ಅದು, ಅಷ್ಟೇ.

ಬಳ್ಳಾರಿಯಿಂದ:
ಕವರಿನಲ್ಲಿ ಅವರು ಹಾಕಿದ ಅರ್ಜಿಯ ಪ್ರತಿ ಇದೆಯಾ ನೋಡಿಕೊಳ್ಳಿ. ಓದುವಾಗ ಪಕ್ಕದಲ್ಲಿ ಯಾರಾದರೂ ಇರಲಿ. ನನ್ನ ಬಗ್ಗೆ ಬರೆದಿದ್ದು ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಒಂದು ನೋಟ್‌ಬುಕ್ ಹಿಡಿದು ಪ್ಯಾರಾ ಪ್ಯಾರಾಗೆ ಬರೆಯುತ್ತಾ ಹೋದೆ: ಯಾವುದು ನಿಜ, ಯಾವುದು ಸುಳ್ಳು, ಆ ದಿನ ಮನೆಯಲ್ಲಿ ಯಾರಿದ್ದರು. ವಕೀಲರು ತಕರಾರು, ಅಂದರೆ ಅವರ ಅರ್ಜಿಗೆ ನಮ್ಮ ಉತ್ತರ, ಬರೆಯುವಾಗ ಆ ನೋಟ್‌ಬುಕ್ಕೇ ಕೆಲಸಕ್ಕೆ ಬಂತು. ಅಲ್ಲ ಅಂತ ಹೇಳದೆ ಬಿಟ್ಟ ಮಾತನ್ನು ಒಪ್ಪಿಕೊಂಡಂತೆ ಹಿಡಿಯಬಹುದು, ಅದಕ್ಕೇ ಒಂದು ಪ್ಯಾರಾನೂ ಬಿಡಬೇಡಿ. ತಕರಾರಿಗೆ 30 ದಿನ, ಕೋರ್ಟ್ ಒಪ್ಪಿದರೆ 90ರವರೆಗೆ. ಸಿಟ್ಟಿನಲ್ಲಿ ಹಳೇ ವಾಟ್ಸಾಪ್ ಮೆಸೇಜ್ ಅಳಿಸಬೇಡಿ.

ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿ ಕೇಳಿ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಪ್ರಕಾರ ಕೇಸ್ ಮುಗಿಯುವವರೆಗೆ ಜೀವನಾಂಶ, ಕೇಸಿನ ಖರ್ಚು ಎರಡನ್ನೂ ಕೇಳಬಹುದು. ಮೊದಲ ತಾರೀಖಿಗೇ ಈ ಅರ್ಜಿ ರೆಡಿ ಇರಲಿ.

ರಾಯಚೂರಿನಿಂದ:
ನಾನು ಗಂಡಸು, ನನ್ನ ಮೇಲೆ ಹೆಂಡತಿ ಕೇಸ್ ಹಾಕಿದ್ದರು. ಸಿಟ್ಟಿಗೆ ದುಡ್ಡು ಕಳಿಸೋದು ನಿಲ್ಲಿಸಿದೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ. ಬಾಕಿ ಕಟ್ಟಲು ಸಾಲ ಮಾಡಿದೆ. ಸಾಲ ಹೇಗೋ ತೀರಿತು, ಮಗ ಮಾತ್ರ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ತಾಯಿ, ಅವರು ಮಗಳನ್ನು ನೋಡಲು ಬಂದರೆ ತಡೆಯಬೇಡಿ. ಕೇಸ್ ದೊಡ್ಡವರದು.

ಕೊಪ್ಪಳದಿಂದ:
ಹಿರಿಯರು ಕೂಡಲಿ, ತಪ್ಪಿಲ್ಲ. ಆದರೆ ಅಲ್ಲಿ ಬಾಂಡ್ ಪೇಪರ್ ಮೇಲೆ ಯಾವುದಕ್ಕೂ ಸಹಿ ಮಾಡಬೇಡಿ. ನಮ್ಮ ಅಕ್ಕನಿಗೆ ಮೂರು ಲಕ್ಷ ಅಂತ ಬರೆಸಿ ಐವತ್ತು ಸಾವಿರ ಕೊಟ್ಟರು. ಉಳಿದದ್ದು ಬರಲೇ ಇಲ್ಲ. ರಾಜಿ ಆಗುವುದಾದರೆ ಕೋರ್ಟಿನ ಮೀಡಿಯೇಷನ್‌ನಲ್ಲೇ (ಸಂಧಾನದಲ್ಲೇ) ಆಗಲಿ. ಇಬ್ಬರೂ ಒಪ್ಪಿದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಕೆಳಗೆ ಒಪ್ಪಿಗೆಯ ಡೈವೋರ್ಸಿಗೆ ಹೋಗಬಹುದು. ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು, ನಿಮ್ಮದು ಆಗಿದೆ. ಅರ್ಜಿ ಹಾಕಿದ ಮೇಲೆ ಎರಡನೇ ಸಲ ಒಪ್ಪಿಗೆ ಹೇಳಲು 6 ತಿಂಗಳು ಕಾಯಬೇಕು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಅದನ್ನೂ ಕೋರ್ಟ್ ಬಿಡಬಹುದು. ಎರಡನೇ ಸಲ ಒಪ್ಪಿಗೆ ಹೇಳುವ ಮೊದಲು ದುಡ್ಡು, ಬಂಗಾರ ಕೈಗೆ ಬಂದಿರಲಿ.

ಡೈವೋರ್ಸ್ ಬೇಡ ಅಂತಿದ್ದರೆ ಅದನ್ನೂ ಗಟ್ಟಿಯಾಗಿ ಹೇಳಿ. ಹೊಂದಾಣಿಕೆ ಇಲ್ಲ ಅಂತ ಅವರೊಬ್ಬರೇ ಹೇಳಿದರೆ ಸಾಲದು, ಕಾಯ್ದೆಯಲ್ಲಿರುವ ಕಾರಣವನ್ನು ಸಾಬೀತು ಮಾಡಬೇಕು.

ಬಳ್ಳಾರಿಯಿಂದ ಮತ್ತೆ:
ಇನ್ನೊಂದು ಮರೆತಿದ್ದೆ. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದರೆ ನಿಮ್ಮ ಬಸ್ ಸುತ್ತಿ ಬರಬೇಕು, ಅಲ್ವಾ? ಅಂಥ ದಿನ ಬೆಳಿಗ್ಗೆಯೇ ವಕೀಲರಿಗೆ ಫೋನ್ ಮಾಡಿ. ಮಗಳನ್ನು ಕಟ್ಟಿಕೊಂಡು ಓಡಾಡೋದು ಆಗಲ್ಲ ಅಂದರೆ, ಕೇಸನ್ನು ನಿಮ್ಮ ಕಡೆಗೆ ಹಾಕಿಸಿಕೊಳ್ಳಲು ಧಾರವಾಡದ ಹೈಕೋರ್ಟ್ ಪೀಠದಲ್ಲಿ ಅರ್ಜಿ ಹಾಕಬಹುದು.

ಕೇಳಿದವರು, ಗಂಗಾವತಿ:
ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿದರು. ಇವತ್ತು ಪೋಸ್ಟ್‌ಮ್ಯಾನ್ ಬಂದಾಗ ಅವರೇ ನನ್ನನ್ನು ಕರೆದು ಪೆನ್ನು ಕೊಟ್ಟರು. ತಾರೀಖಿಗೆ ಇನ್ನೂ 19 ದಿನ ಇದೆ. ನೋಟ್‌ಬುಕ್ ತಂದಿದ್ದೇನೆ.